ಉಪ್ಪಿನಕುದ್ರು ಯಕ್ಷಗಾನ ಗೊಂಬೆಯಾಟ: ಕೆತ್ತನೆ ಮತ್ತು ಕುಣಿತದ ಕೂಡುಕಲೆ

ಉಡುಪಿ ಜಿಲ್ಲೆಯ ಕುಂದಾಪುರ ತಾಲ್ಲೂಕಿನ ಉಪ್ಪಿನಕುದ್ರು ಗ್ರಾಮವು ಸೂತ್ರದ ಗೊಂಬೆಯಾಟಕ್ಕೆ ಪ್ರಸಿದ್ಧವಾಗಿದೆ. ಕುದ್ರು ಎಂದರೆ ಈ ಸೀಮೆಯ ಮಾತಿನಲ್ಲಿ ನದಿಯ ನಡುವಣ ದ್ವೀಪ. ಇಲ್ಲಿಯ ಕಾಮತ್ ಮನೆತನವು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯು ಬಡಗುತಿಟ್ಟಿನ ಯಕ್ಷಗಾನವನ್ನು ಮರದ ಗೊಂಬೆಗಳ ಮೂಲಕ ಆಡಿ ತೋರಿಸುತ್ತದೆ.

ಈ ಕಲೆಯಲ್ಲಿ ಶಿಲ್ಪಿಯ ಕೆಲಸವನ್ನೂ ನೃತ್ಯ ಸಂಯೋಜಕನ ಕೆಲಸವನ್ನೂ ಬೇರ್ಪಡಿಸಲಾಗದು. ಗೊಂಬೆಗೆ ಭುಜ, ಮೊಣಕೈ, ಸೊಂಟ ಹಾಗೂ ಮೊಣಕಾಲುಗಳಲ್ಲಿ ಕೀಲುಗಳಿರುತ್ತವೆ. ಕೀಲು ಎಲ್ಲಿ ಕೂಡಬೇಕು, ಅಂಗವು ಎಷ್ಟು ಬಾಗಬೇಕು ಎಂಬುದನ್ನು ಕೆತ್ತುವಾಗಲೇ ನಿರ್ಧರಿಸಬೇಕಾಗುತ್ತದೆ; ಅಲ್ಲಿ ಲೆಕ್ಕ ತಪ್ಪಿದರೆ ಸೂತ್ರಧಾರನು ಎಷ್ಟೇ ನಿಪುಣನಾದರೂ ಹೆಜ್ಜೆ ಮೂಡದು. ಸಾಮಾನ್ಯವಾಗಿ ಐದರಿಂದ ಏಳು ಸೂತ್ರಗಳಿಂದ ಗೊಂಬೆಯನ್ನು ಕುಣಿಸಲಾಗುತ್ತದೆ. ಕ್ಲಿಷ್ಟ ಚಲನೆಗಳಿಗೆ ಒಂದೇ ಗೊಂಬೆಯನ್ನು ಇಬ್ಬರು ಮೂವರು ಆಡಿಸುವುದೂ ಉಂಟು. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ವೇಷಧಾರಿಯವುಗಳ ಕಿರುರೂಪಗಳು. ಭಾಗವತಿಕೆ, ಮದ್ದಳೆ, ಚಂಡೆಗಳಾದರೋ ಬಯಲಾಟದ್ದೇ. ರಾತ್ರಿಯಿಡೀ ಆಟ ನೋಡಿ ಬೆಳೆದ ಇಲ್ಲಿಯ ಪ್ರೇಕ್ಷಕರು ತಾಳ ತಪ್ಪಿದರೆ ಮರದ ಗೊಂಬೆಗೂ ರಿಯಾಯಿತಿ ನೀಡುವವರಲ್ಲ.

ದಿವಂಗತ ಕೊಗ್ಗ ದೇವಣ್ಣ ಕಾಮತರು ಈ ಕಲೆಯನ್ನು ಊರಿನ ಆಚೆಗೆ ಕೊಂಡೊಯ್ದು, ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಗೆ ಭಾಜನರಾದರು. ಅವರ ಪುತ್ರ ಭಾಸ್ಕರ ಕೊಗ್ಗ ಕಾಮತರು ಪರಂಪರೆಯನ್ನು ಮುಂದುವರಿಸಿದ್ದಾರೆ.

ಇದೇ ಸೀಮೆಯ ಕೋಟದಲ್ಲಿ ಜನಿಸಿದ ಡಾ. ಶಿವರಾಮ ಕಾರಂತರು (1902–1997) ಮನುಷ್ಯರ ರಂಗದಲ್ಲಿ ಇಂಥದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರೆಂಬುದು ಗಮನಾರ್ಹ. 'ಯಕ್ಷಗಾನ ಬಯಲಾಟ' ಗ್ರಂಥವನ್ನು ರಚಿಸಿದ ಅವರು, ಮುಂದೆ ಪ್ರಸಂಗಗಳ ಅವಧಿಯನ್ನು ಕಿರಿದುಗೊಳಿಸಿ, ಮಾತಿಗಿಂತ ಕುಣಿತ, ವೇಷ ಹಾಗೂ ಗಾಯನಕ್ಕೆ ಪ್ರಾಧಾನ್ಯವಿತ್ತು ಯಕ್ಷಗಾನ ಬ್ಯಾಲೆಗಳನ್ನು ಸಂಯೋಜಿಸಿದರು. ವಯಲಿನ್, ಸ್ಯಾಕ್ಸೋಫೋನ್‌ಗಳ ಬಳಕೆಯು ಸಾಕಷ್ಟು ಚರ್ಚೆಗೆ ಕಾರಣವಾಯಿತು.

ಗೊಂಬೆಗಳ ಸಂರಕ್ಷಣೆಯ ವಿಷಯದಲ್ಲಿ ಒಂದು ತೊಡಕಿದೆ. ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ಇರಿಸಿದಾಗ ಮರ, ಬಣ್ಣ, ಜರತಾರಿಗಳು ಉಳಿಯುತ್ತವೆ. ಆದರೆ ಬೆರಳಿನಿಂದ ದಾರಕ್ಕೆ, ದಾರದಿಂದ ಕಾಲಿಗೆ ಇಳಿಯುವ ಲಯವು ಅಲ್ಲಿ ಉಳಿಯದು. ವರ್ಷಗಟ್ಟಲೆ ಗುರುವಿನ ಪಕ್ಕದಲ್ಲಿ ನಿಂತು ಕಲಿಯಬೇಕಾದ ವಿದ್ಯೆ ಇದು. ಹೀಗಾಗಿ ಗೊಂಬೆಗಳನ್ನು ನೋಡಬಯಸುವ ಆಸಕ್ತರು, ವಿಶೇಷವಾಗಿ ಶಾಲಾ ಮಕ್ಕಳು, ಪ್ರದರ್ಶನವಿರುವ ದಿನವನ್ನು ವಿಚಾರಿಸಿಕೊಂಡೇ ಉಪ್ಪಿನಕುದ್ರುವಿಗೆ ಭೇಟಿ ನೀಡುವುದು ಸೂಕ್ತ.