ಯಂತ್ರ ಉತ್ತರ ಕೊಟ್ಟ ಮೇಲೆ

2012ರ ಜನವರಿಯಲ್ಲಿ ಉಗಾಂಡದ ಆರೋಗ್ಯ ಸಚಿವಾಲಯ ಒಂದು ಪತ್ರ ಹೊರಡಿಸಿತು. ದೇಶದೊಳಗೆ ನಡೆಯುತ್ತಿರುವ ಇ-ಹೆಲ್ತ್ ಪ್ರಯೋಗಗಳನ್ನೆಲ್ಲ ಸದ್ಯಕ್ಕೆ ನಿಲ್ಲಿಸಿ, ಮೊದಲು ನಮ್ಮ ಒಪ್ಪಿಗೆ ಪಡೆಯಿರಿ ಎಂಬುದು ಅದರ ಸಾರ. ವಿದೇಶಿ ವಿಶ್ವವಿದ್ಯಾಲಯಗಳು, ದಾನಿಗಳು, ಸ್ವಯಂಸೇವಾ ಸಂಸ್ಥೆಗಳು ಸಿಕ್ಕಸಿಕ್ಕ ಜಿಲ್ಲೆಯಲ್ಲಿ ತೋಚಿದ ಮೊಬೈಲ್ ಯೋಜನೆ ಶುರು ಮಾಡಿದ್ದವು. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ, ಅನುದಾನ ಮುಗಿದರೆ ಯೋಜನೆಯೂ ಮುಗಿಯಿತು. ಈ ಕ್ಷೇತ್ರದವರೇ 'ಪೈಲಟೈಟಿಸ್' ಎಂದು ಗೇಲಿ ಮಾಡಿಕೊಳ್ಳುವ ಕಾಯಿಲೆ ಅದು. ಬಡ ದೇಶವೊಂದು ಪುಕ್ಕಟೆ ಬರುವ ತಂತ್ರಜ್ಞಾನಕ್ಕೂ 'ತಡೀರಿ' ಎಂದದ್ದು ಸಣ್ಣ ಸಂಗತಿಯಲ್ಲ.

ಉಳಿದುಕೊಂಡ ಯೋಜನೆಗಳು ಯಾವುವು ಎಂದು ಹಿಂತಿರುಗಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ನೀರಸ ಕೆಲಸಗಳೇ. ವರ್ಣಭೇದ ನೀತಿ ಕೊನೆಗೊಂಡಾಗ ದಕ್ಷಿಣ ಆಫ್ರಿಕದಲ್ಲಿ ಜನಾಂಗಕ್ಕೊಂದು, ಕಪ್ಪು ಜನರಿಗೆಂದು ಬೇರ್ಪಡಿಸಿದ 'ತಾಯ್ನಾಡಿ'ಗೊಂದು ಎಂದು ಹದಿನಾಲ್ಕು ಆರೋಗ್ಯ ಇಲಾಖೆಗಳಿದ್ದವು, ಫಾರಂಗಳೂ ಬೇರೆಬೇರೆ. ಅವನ್ನೆಲ್ಲ ಒಂದೇ ಲೆಕ್ಕಕ್ಕೆ ತರಲು ಕೇಪ್‌ಟೌನ್‌ನಲ್ಲಿ 1994ರ ಸುಮಾರಿಗೆ ಹುಟ್ಟಿದ ಪ್ರಯತ್ನವೇ ಮುಂದೆ ಆಸ್ಲೋ ವಿಶ್ವವಿದ್ಯಾಲಯದ ನೆರವಿನಲ್ಲಿ ಬೆಳೆದು ಡಿಎಚ್‌ಐಎಸ್-2 ಆಯಿತು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಈ ತಂತ್ರಾಂಶ ಇಂದು ಎಪ್ಪತ್ತಕ್ಕೂ ಹೆಚ್ಚು ದೇಶಗಳ ಸರಕಾರಿ ಆರೋಗ್ಯ ಲೆಕ್ಕಪುಸ್ತಕ. ಭಾರತದಲ್ಲಿ ಅದರ ಹಳೆಯ ಆವೃತ್ತಿಯ ಮೊದಲ ಪ್ರಯೋಗ ನಡೆದದ್ದು ನಮ್ಮ ಕೋಲಾರದ ಗಡಿ ದಾಟಿದರೆ ಸಿಗುವ ಕುಪ್ಪಂನಲ್ಲಿ. ಎಷ್ಟು ಮಕ್ಕಳಿಗೆ ದಡಾರದ ಲಸಿಕೆ ಬಿತ್ತು, ಯಾವ ಉಪಕೇಂದ್ರದಲ್ಲಿ ಮಾತ್ರೆ ಖಾಲಿಯಾಯಿತು ಎಂದು ತಿಂಗಳುತಿಂಗಳು ತುಂಬುವ ಕೆಲಸಕ್ಕೆ ಪತ್ರಿಕೆಯ ಮುಖಪುಟದಲ್ಲಿ ಜಾಗ ಸಿಗುವುದಿಲ್ಲ.

ರೋಗಿಗಳ ದಾಖಲೆ ಇಡುವ ತಂತ್ರಾಂಶ ಓಪನ್‌ಎಂಆರ್‌ಎಸ್‌ನ ಕಥೆಯೂ ಅಂಥದ್ದೇ. ಎಚ್‌ಐವಿ ಔಷಧವನ್ನು ಜೀವನಪರ್ಯಂತ ನುಂಗಬೇಕು. ಯಾರು ಬಂದರು, ಯಾರು ಬಿಟ್ಟರು ಎಂಬ ದಾಖಲೆಯಿಲ್ಲದೆ ಸಾವಿರಾರು ರೋಗಿಗಳನ್ನು ನೋಡಿಕೊಳ್ಳುವುದು ಅಸಾಧ್ಯ. ಕೆನ್ಯದ ಎಲ್ಡೊರೆಟ್‌ನ ಆ ಒತ್ತಡದಿಂದಲೇ 2004ರಲ್ಲಿ ಅದರ ಕೆಲಸ ಆರಂಭವಾಯಿತು. ಅದರ ಮೇಲೆಯೇ ಕಟ್ಟಿದ 'ಬಹ್ಮ್ನಿ' ತಂತ್ರಾಂಶ ಛತ್ತೀಸಗಢದ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆಯ ಅಗತ್ಯದಿಂದ ರೂಪುಗೊಂಡಿತು.

ನಮ್ಮಲ್ಲಿ ಮೊದಲು ಬಂದದ್ದು ಉಪಗ್ರಹ. ಇಸ್ರೊ 2001ರಿಂದ ಟೆಲಿಮೆಡಿಸಿನ್ ಜಾಲ ಹಬ್ಬಿಸತೊಡಗಿದಾಗ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಸೆದಿತ್ತು. ತಜ್ಞರ ಮುಖ ಊರಿಗೆ ಬಂತು; ಆದರೆ ತಜ್ಞರ ಕೈ ಬಂದಿರಲಿಲ್ಲ. ಕೈಯೂ ಬಂದದ್ದು 2008ರಲ್ಲಿ ನಾರಾಯಣ ನೇತ್ರಾಲಯ ಶುರು ಮಾಡಿದ 'ಕಿಡ್‌ರಾಪ್' ಯೋಜನೆಯಲ್ಲಿ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದರೆ ಕೆಲವೇ ದಿನಗಳಲ್ಲಿ ದೃಷ್ಟಿ ಹೋಗಬಹುದು. ತರಬೇತಿ ಪಡೆದ ತಂತ್ರಜ್ಞರ ತಂಡ ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತದೆ, ಚಿತ್ರಗಳಿಗೆ ಕೆಂಪು, ಕಿತ್ತಳೆ, ಹಸಿರು ಎಂದು ಗುರುತು ಹಾಕುತ್ತದೆ. ಬೆಂಗಳೂರಿನ ವೈದ್ಯರು ಅವನ್ನು ಫೋನಿನಲ್ಲೇ ನೋಡಿ ನಿರ್ಧರಿಸುತ್ತಾರೆ. ಬೇಕಾದರೆ ಲೇಸರ್ ಚಿಕಿತ್ಸೆ ಮಗುವಿದ್ದಲ್ಲಿಗೇ ಬರುತ್ತದೆ. ಎರಡೂವರೆ ದಶಕದ ಕನ್ನಡ ನಾಡಿನ ಅನುಭವದಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯದು ಎನಿಸಿದ್ದು ಆ ಕೊನೆಯ ವ್ಯವಸ್ಥೆ.

ಮೊಬೈಲ್ ಯುಗದ ದೊಡ್ಡ ಹೆಸರು, ಬಸುರಿಯರಿಗೆ ಸಂದೇಶ ಕಳಿಸುವ ದಕ್ಷಿಣ ಆಫ್ರಿಕದ 'ಮಾಮ್‌ಕನೆಕ್ಟ್'. 2014ರ ಆಗಸ್ಟ್‌ನಲ್ಲಿ ಅಲ್ಲಿನ ಆರೋಗ್ಯ ಇಲಾಖೆಯೇ ಅದನ್ನು ಆರಂಭಿಸಿತು. ಎಂಥ ಹಳೆಯ ಫೋನಾದರೂ ಸಾಕಿತ್ತು, ಬಸುರಿಯರ ಕೈಯಿಂದ ಒಂದು ಪೈಸೆ ಖರ್ಚಿರಲಿಲ್ಲ. ಸಂದೇಶ ಓದುವುದಷ್ಟೇ ಅಲ್ಲ, 'ಕ್ಲಿನಿಕ್ಕಿನಲ್ಲಿ ಔಷಧವಿಲ್ಲ', 'ನರ್ಸ್ ಗದರಿದರು' ಎಂದು ದೂರುವುದಕ್ಕೂ ದಾರಿಯಿತ್ತು. ಭಾರತದ 'ಕಿಲ್ಕಾರಿ' 2016ರಿಂದ ಬಸುರಿಯರಿಗೆ, ಬಾಣಂತಿಯರಿಗೆ ವಾರಕ್ಕೊಂದು ಧ್ವನಿ ಸಂದೇಶ ಕಳಿಸುತ್ತಿದೆ. ಇಲ್ಲಿ ಎದುರಾದ ತೊಡಕು ಬೇರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇದ್ದದ್ದು ಶೇಕಡ 54ರಷ್ಟು ಮಹಿಳೆಯರ ಬಳಿ ಮಾತ್ರ. ಕರೆ ಬಂದಾಗ ಫೋನು ಗಂಡನ ಜೇಬಿನಲ್ಲಿ, ಗಂಡ ಹೊಲದಲ್ಲಿ. ಮುಂಬೈನ 'ಅರ್ಮಾನ್' ಸಂಸ್ಥೆ ಗೂಗಲ್ ಸಂಶೋಧಕರ ಜೊತೆ ಸೇರಿ ತನ್ನ ಇಂಥದ್ದೇ ಇನ್ನೊಂದು ಧ್ವನಿ ಸಂದೇಶ ಯೋಜನೆಯಲ್ಲಿ ಎಐ ಬಳಸಿದ್ದು ಈ ಹಂತದಲ್ಲಿ: ಕರೆ ಕೇಳುವುದನ್ನು ಯಾರು ನಿಲ್ಲಿಸುವ ಸಂಭವ ಹೆಚ್ಚು, ಕಡಿಮೆ ಸಿಬ್ಬಂದಿ ಯಾರಿಗೆ ಮೊದಲು ಫೋನ್ ಮಾಡಬೇಕು ಎಂದು ಆರಿಸುವುದಕ್ಕೆ. 23,000 ಮಹಿಳೆಯರ ಮೇಲಿನ ಅಧ್ಯಯನದಲ್ಲಿ, ಕೇಳುವುದನ್ನು ಕೈಬಿಡುವ ಪ್ರಮಾಣ ಸುಮಾರು ಶೇಕಡ 30ರಷ್ಟು ತಗ್ಗಿತು.

ಎಐ ಬಗ್ಗೆ ಮಾತಾಡುವವರೆಲ್ಲ ಓದಲೇಬೇಕಾದ ಅಧ್ಯಾಯ ಥಾಯ್ಲೆಂಡಿನದು. ಮಧುಮೇಹದಿಂದ ಹಾಳಾಗುವ ಅಕ್ಷಿಪಟಲವನ್ನು ಚಿತ್ರ ನೋಡಿಯೇ ಗುರುತಿಸುವ ಗೂಗಲ್ ತಂತ್ರಾಂಶದ ಸುದ್ದಿ 2016ರಲ್ಲಿ ಬಂತು. ಅದಕ್ಕೆ ಕಲಿಸಲು ಬಳಸಿದ 1,28,175 ಚಿತ್ರಗಳಲ್ಲಿ ಭಾರತದ ಕಣ್ಣಾಸ್ಪತ್ರೆಗಳವೂ ಇದ್ದವು. ಸುಮಾರು 45 ಲಕ್ಷ ಮಧುಮೇಹಿಗಳಿಗೆ ಕೇವಲ 200 ಅಕ್ಷಿಪಟಲ ತಜ್ಞರಿದ್ದ ಥಾಯ್ಲೆಂಡಿನಲ್ಲಿ, ನರ್ಸ್ ತೆಗೆದ ಚಿತ್ರಕ್ಕೆ ತಜ್ಞರ ಉತ್ತರ ಬರಲು ಹತ್ತು ವಾರ ಹಿಡಿಯುವುದೂ ಇತ್ತು. ಯಂತ್ರ ಅದನ್ನು ಹತ್ತು ನಿಮಿಷದೊಳಗೆ ಕೊಡುವಂತಿತ್ತು. ಪಥುಮ್ ಥಾನಿ, ಚಿಯಾಂಗ್ ಮಾಯ್ ಕಡೆಯ 11 ಕ್ಲಿನಿಕ್ಕುಗಳಲ್ಲಿ ಅದನ್ನಿಟ್ಟು ನೋಡಿದರು. ಒಳ್ಳೆಯ ಚಿತ್ರಕ್ಕೆ ಕತ್ತಲೆ ಕೋಣೆ ಬೇಕು. ಬಹುತೇಕ ಕ್ಲಿನಿಕ್ಕುಗಳಲ್ಲಿ ಅಂಥ ಕೋಣೆಯೇ ಇರಲಿಲ್ಲ. ಮೊದಲ ಆರು ತಿಂಗಳ 1,838 ಚಿತ್ರಗಳಲ್ಲಿ ಶೇಕಡ 21ನ್ನು ಯಂತ್ರ 'ಸ್ಪಷ್ಟವಿಲ್ಲ' ಎಂದು ತಿರಸ್ಕರಿಸಿತು. ಹಾಗೆ ತಿರಸ್ಕೃತರಾದವರು ಬೇರೆ ಆಸ್ಪತ್ರೆಯ ತಜ್ಞರ ಬಳಿ ಹೋಗಬೇಕು ಎಂಬುದು ನಿಯಮ. ಕಣ್ಣು ಚೆನ್ನಾಗಿಯೇ ಇದೆ ಎಂದು ತನಗೇ ಕಾಣುತ್ತಿದ್ದರೂ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತು ಎಂದು ರೋಗಿಗೆ ಹೇಳಬೇಕಾದ ಪಾಡು ನರ್ಸಿನದು. ಒಂದೆಡೆ ಇಂಟರ್ನೆಟ್ ಎರಡು ತಾಸು ಕೈಕೊಟ್ಟಿತು. 200 ಜನರ ತಪಾಸಣೆ ಆಗಬೇಕಿದ್ದ ದಿನ ಆದದ್ದು 100 ಜನರದು. ಈ ಅಧ್ಯಯನಕ್ಕೆ ಸೇರುವುದೇ ಬೇಡ ಎಂದು ಕೆಲವು ನರ್ಸ್‌ಗಳು ರೋಗಿಗಳಿಗೆ ಮೆಲ್ಲಗೆ ಸೂಚಿಸಿದ್ದೂ ಉಂಟು. ಮೆಚ್ಚಬೇಕಾದದ್ದೆಂದರೆ, ಇದನ್ನೆಲ್ಲ 2020ರಲ್ಲಿ ಬಯಲು ಮಾಡಿದ್ದು ಗೂಗಲ್ ಸಂಶೋಧಕರೇ.

ಅದೇ ಜಾತಿಯ ಯಂತ್ರ ಕ್ಷಯದ ವಿಷಯದಲ್ಲಿ ಸಲೀಸಾಗಿ ಹೊಂದಿಕೊಂಡಿತು. ಎದೆಯ ಎಕ್ಸ್‌ರೇ ಓದುವ ತಂತ್ರಾಂಶಗಳು ಢಾಕಾದ ಕ್ಷಯ ಕೇಂದ್ರಗಳಲ್ಲಿ ರೇಡಿಯಾಲಜಿಸ್ಟರನ್ನೂ ಮೀರಿಸಿದವು. ಅವುಗಳಲ್ಲೊಂದು ಮುಂಬೈನ ಕ್ಯೂರ್ ಡಾಟ್ ಎಐ ಕಂಪನಿಯದು. 2021ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 15 ವರ್ಷ ದಾಟಿದವರ ತಪಾಸಣೆಗೆ ಇಂಥ ತಂತ್ರಾಂಶವನ್ನು ಶಿಫಾರಸು ಮಾಡಿತು. ಯಂತ್ರದ ಜಾಣತನಕ್ಕಿಂತ ಅದರ ಸುತ್ತಲ ಏರ್ಪಾಟೇ ಇಲ್ಲಿ ಮುಖ್ಯ ಎಂದು ನನ್ನ ಅಭಿಪ್ರಾಯ. ಎಕ್ಸ್‌ರೇ ಅನುಮಾನಪಟ್ಟರೆ ಮರುಕ್ಷಣ ಕಫ ಪರೀಕ್ಷೆ, ಖಚಿತವಾದರೆ ಪುಕ್ಕಟೆ ಮಾತ್ರೆ, ನುಂಗಿದರೋ ಇಲ್ಲವೋ ನೋಡಲೊಬ್ಬ ಕಾರ್ಯಕರ್ತೆ. ಇವೆಲ್ಲ ಎಐ ಬರುವ ಮೊದಲೇ ಇದ್ದವು.

ಇನ್ನು ಕಲಿಕೆಯ ಪಕ್ಷಪಾತ. ಚರ್ಮದ ಕ್ಯಾನ್ಸರ್ ಗುರುತಿಸಲು ಯಾರಿಗೂ ಮುಕ್ತವಾಗಿ ಸಿಗುವ ಒಂದು ಲಕ್ಷಕ್ಕೂ ಮಿಕ್ಕಿದ ಚಿತ್ರಗಳನ್ನು ಜಾಲಾಡಿದವರಿಗೆ, ಚರ್ಮದ ಬಣ್ಣ ದಾಖಲಾಗಿದ್ದ 2,436 ಚಿತ್ರಗಳಲ್ಲಿ ಕಂದು ಚರ್ಮದವು ಹತ್ತು, ಕಡುಗಂದು ಅಥವಾ ಕಪ್ಪು ಚರ್ಮದ್ದು ಒಂದೇ ಒಂದು ಸಿಕ್ಕಿತು. ಅಮೆರಿಕದ ಆಸ್ಪತ್ರೆಗಳು ಬಳಸುತ್ತಿದ್ದ ಒಂದು ಲೆಕ್ಕಾಚಾರ, ಯಾರಿಗೆ ಹೆಚ್ಚು ಖರ್ಚಾಗಿದೆಯೋ ಅವರೇ ಹೆಚ್ಚು ಕಾಯಿಲೆಯವರು ಎಂದು ಭಾವಿಸಿತ್ತು. ಕಪ್ಪು ಜನರ ಮೇಲೆ ಖರ್ಚೇ ಕಡಿಮೆಯಾಗುತ್ತಿದ್ದುದರಿಂದ ಅವರು ಆರೋಗ್ಯವಂತರಂತೆ ಕಂಡರು. ಅದನ್ನು ಸರಿಪಡಿಸಿದರೆ ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇಕಡ 17.7ರಿಂದ 46.5ಕ್ಕೆ ಏರುತ್ತದೆ ಎಂದು 2019ರಲ್ಲಿ ಸಂಶೋಧಕರು ತೋರಿಸಿದರು.

ಚಾಟ್‌ಜಿಪಿಟಿ ನಂತರದ ಕಾಲದಲ್ಲಿ ಭಾಷೆಯೇ ಔಷಧದಂಗಡಿಯ ಬಾಗಿಲಾಗಿದೆ. ಬೆಂಗಳೂರಿನ ಶಂಕರ ಕಣ್ಣಾಸ್ಪತ್ರೆಯಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ತಂಡ ರೂಪಿಸಿದ 'ಕ್ಯಾಟರಾಕ್ಟ್‌ಬಾಟ್' ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ವಾಟ್ಸ್ಆ್ಯಪ್ ಮೂಲಕ ಉತ್ತರಿಸುತ್ತದೆ. ಟೈಪ್ ಮಾಡಲು ಬಾರದವರು ಮಾತಾಡಿಯೇ ಕೇಳಬಹುದು. ಆಪರೇಶನ್ ದಿನ ಬೆಳಿಗ್ಗೆ ಬಿಪಿ ಮಾತ್ರೆ ನುಂಗಬಹುದೇ, ತಲೆಗೆ ಎಂದು ನೀರು ಹಾಕಿಕೊಳ್ಳಬಹುದು, ಇಂಥವು ಜನ ಕೇಳುವ ಪ್ರಶ್ನೆಗಳು. ಉತ್ತರ ತಕ್ಷಣ ಬರುತ್ತದೆ, ಆದರೆ 'ಇನ್ನೂ ಪರಿಶೀಲಿಸಿಲ್ಲ' ಎಂಬ ಗುರುತಿನೊಡನೆ. ಆಮೇಲೆ ಆಸ್ಪತ್ರೆಯ ವೈದ್ಯರು ನೋಡಿ ಸರಿ ಎನ್ನುತ್ತಾರೆ ಅಥವಾ ತಿದ್ದುತ್ತಾರೆ. ತಿದ್ದಿದ್ದು ಮುಂದಿನವರ ಉತ್ತರಕ್ಕೂ ಸೇರುತ್ತದೆ.

ನೈರೋಬಿಯ ಪೆಂಡಾ ಹೆಲ್ತ್‌ನ 15 ಕ್ಲಿನಿಕ್ಕುಗಳಲ್ಲಿ ಎಐ ಹಿಂದೆ ನಿಂತು ಚಿಕಿತ್ಸಕರ ಟಿಪ್ಪಣಿ ಓದುತ್ತಿರುತ್ತದೆ, ಎಡವಟ್ಟು ಕಂಡರೆ ಮಾತ್ರ ಕೆಂಪು ದೀಪ. 2025ರಲ್ಲಿ ಪ್ರಕಟವಾದ 39,849 ಭೇಟಿಗಳ ಲೆಕ್ಕದಲ್ಲಿ ರೋಗನಿರ್ಣಯದ ತಪ್ಪುಗಳು ಶೇಕಡ 16, ಚಿಕಿತ್ಸೆಯ ತಪ್ಪುಗಳು ಶೇಕಡ 13ರಷ್ಟು ಕಡಿಮೆಯಾದವು. ದೀಪವನ್ನು ಕಡೆಗಣಿಸುತ್ತಿದ್ದವರನ್ನು ಜೊತೆಗಾರರೇ ಕೂತು ಒಪ್ಪಿಸಬೇಕಾಯಿತು. ಅಧ್ಯಯನದಲ್ಲಿ ಓಪನ್‌ಎಐ ಕಂಪನಿಯೂ ಪಾಲುದಾರ ಎಂಬುದನ್ನು ಮರೆಯುವಂತಿಲ್ಲ. ರೋಗಿಗಳಿಗೆ ಎಷ್ಟು ಬೇಗ ವಾಸಿಯಾಯಿತು ಎಂಬುದರಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ಕಾಣಲಿಲ್ಲ.

ಅಳೆಯುವವರು ಯಾರು ಎಂಬುದೇ ಈಗ ದೊಡ್ಡ ಪ್ರಶ್ನೆ. 1984ರಿಂದ ತೊಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ಮನೆಮನೆ ತಿರುಗಿ ಆರೋಗ್ಯದ ಲೆಕ್ಕ ತೆಗೆಯಲು ನೆರವಾಗುತ್ತಿದ್ದ ಅಮೆರಿಕದ ಡಿಎಚ್‌ಎಸ್ ಸಮೀಕ್ಷಾ ಕಾರ್ಯಕ್ರಮ, ನೆರವು ಕಡಿತದಿಂದಾಗಿ 2025ರ ಫೆಬ್ರುವರಿಯಲ್ಲಿ ನಿಂತಿತು. ಅರ್ಧಕ್ಕೆ ನಿಂತಿದ್ದ ಕೆಲವು ಸಮೀಕ್ಷೆಗಳಿಗೆ ಆಮೇಲೆ ಖಾಸಗಿ ದಾನಿಗಳ ಹಣ ಒದಗಿದೆ. ಹೆಂಗಸರ ಕೈಯಲ್ಲಿ ಫೋನಿದೆಯೇ ಎಂದು ನಮ್ಮಲ್ಲಿ ತಿಳಿದದ್ದು ಅದೇ ಬಗೆಯ ಸಮೀಕ್ಷೆಯಿಂದ. ಆ್ಯಪಿನ ಡ್ಯಾಶ್‌ಬೋರ್ಡ್ ಎಣಿಸುವುದು ಆ್ಯಪ್ ತೆರೆದವರನ್ನು ಮಾತ್ರ.