ಹಳಿ ಹೋಯಿತು, ದಾರಿ ಉಳಿಯಿತು

ಮಹಾನಗರದಲ್ಲಿ ಮಗುವಿಗೆ ಸೈಕಲ್ಲು ಕೊಡಿಸುವುದು ಸುಲಭ. ಅದನ್ನು ಓಡಿಸಲು ಒಂದು ದಾರಿ ಕೊಡಿಸುವುದು ಕಷ್ಟ. ಊರಿನ ಕೆರೆಯ ಏರಿಯ ಮೇಲೋ ಶಾಲೆಯ ಬಯಲಿನಲ್ಲೋ ಬಾಡಿಗೆ ಸೈಕಲ್ಲು ತಂದು, ಒಳಪೆಡಲು ತುಳಿದು, ಮೊಣಕಾಲು ತರಚಿಕೊಂಡು ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕಟ್ಟಡದ ಕಾಂಪೌಂಡೇ ಮೊದಲು, ಅದೇ ಕೊನೆ. ಗೇಟು ದಾಟಿದರೆ ಬಸ್ಸು, ಲಾರಿ, ಕಾರುಗಳ ಪ್ರವಾಹ. ಇದು ನಮ್ಮೊಬ್ಬರ ಪಾಡಲ್ಲ. ಇಂಗ್ಲೆಂಡಿನ ಊರುಗಳೂ ಇದೇ ಪ್ರವಾಹದಲ್ಲಿ ಸಿಕ್ಕಿದ್ದವು. ಅಲ್ಲಿಯ ಒಂದು ಕಡಲತೀರದ ಊರು ತಾನೇ ಕೈಬಿಟ್ಟಿದ್ದ ರೈಲುದಾರಿಯಲ್ಲಿ ಸೈಕಲ್ಲಿಗೆ ಹಾದಿ ಮಾಡಿಕೊಂಡ ಕಥೆ ತಿಳಿಯತಕ್ಕದ್ದು.

ಊರಿನ ಹೆಸರು ವಿಟ್‌ಸ್ಟಬಲ್. ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್ ಜಿಲ್ಲೆಯ ಉತ್ತರ ತೀರದಲ್ಲಿದೆ. ನಮ್ಮ ಕರಾವಳಿಯ ಮರುವಾಯಿಗೆ ದಾಯಾದಿಯೆನ್ನಬಹುದಾದ ಆಯ್ಸ್ಟರ್ ಎಂಬ ಚಿಪ್ಪುಜೀವಿಗೆ ಈ ಊರು ಹಿಂದಿನಿಂದಲೂ ಹೆಸರುವಾಸಿ. ಇಲ್ಲಿಂದ ದಕ್ಷಿಣಕ್ಕೆ ಆರು ಮೈಲಿ ಹೋದರೆ, ದೊಡ್ಡ ಕೆಥೆಡ್ರಲ್ಲಿನಿಂದ ಪ್ರಸಿದ್ಧವಾದ ಕ್ಯಾಂಟರ್ಬರಿ ಪಟ್ಟಣ. ಅದರ ಪಕ್ಕದಲ್ಲಿ ಹರಿಯುವ ಸ್ಟೌರ್ ನದಿಯಲ್ಲಿ ಹೂಳು ತುಂಬಿ ದೋಣಿಗಳು ಬರುವುದು ದುಸ್ತರವಾದಾಗ, ಕಲ್ಲಿದ್ದಲು ಮೊದಲಾದ ಸರಕನ್ನು ವಿಟ್‌ಸ್ಟಬಲ್ಲಿನಲ್ಲಿ ಇಳಿಸಿ ಗಾಡಿಗಳ ಮೇಲೆ ಗುಡ್ಡ ದಾಟಿಸಬೇಕಾಯಿತು. ಈ ಕಷ್ಟವನ್ನು ತಪ್ಪಿಸಲು 1825ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಪಡೆದು ರೈಲುದಾರಿಯ ಕೆಲಸಕ್ಕೆ ಕೈಹಚ್ಚಿದರು. ರೈಲಿನ ಪಿತಾಮಹನೆನಿಸಿದ ಜಾರ್ಜ್ ಸ್ಟೀಫನ್‌ಸನ್ ಮತ್ತು ಅವನ ಮಗ ರಾಬರ್ಟ್, ಇಬ್ಬರ ಹೆಸರೂ ಈ ಕೆಲಸದೊಡನೆ ಕೂಡಿಕೊಂಡಿವೆ.

1830ರ ಮೇ 3ರಂದು ದಾರಿ ತೆರೆಯಿತು. ಚರಿತ್ರೆಯ ಪುಸ್ತಕಗಳು ಹಾಡಿಹೊಗಳುವ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಹೊರಟದ್ದು ಅದೇ ವರ್ಷದ ಸೆಪ್ಟೆಂಬರ್ 15ರಂದು. ಆದ್ದರಿಂದ ಆವಿಯ ಬಲದಿಂದ ಜನರನ್ನು ಸಾಗಿಸಿದ್ದರಲ್ಲಿ ತಾವೇ ಮೊದಲಿಗರೆಂದು ವಿಟ್‌ಸ್ಟಬಲ್ಲಿನವರಿಗೆ ಇಂದಿಗೂ ಹೆಮ್ಮೆ. ಆದರೆ ಅಲ್ಲಿ ಎಂಜಿನ್ನಿಗಿಂತ ಹಗ್ಗದ್ದೇ ಹೆಚ್ಚು ಕೆಲಸ. ಗುಡ್ಡದ ಏರು ಕಡಿದಾದದ್ದು. ಟೈಲರ್ ಹಿಲ್ ಮತ್ತು ಕ್ಲೌಸ್ ವುಡ್ ಎಂಬ ಎರಡು ಕಡೆಗಳಲ್ಲಿ 25 ಅಶ್ವಶಕ್ತಿಯ ಆವಿಯಂತ್ರಗಳನ್ನು ನೆಲದಲ್ಲಿ ನೆಟ್ಟು, ಬಾವಿಯಿಂದ ಕೊಡ ಸೇದುವಂತೆ ಗಾಡಿಗಳನ್ನು ಹಗ್ಗದಿಂದ ಸೇದುತ್ತಿದ್ದರು. ಕಡಲ ಕಡೆಯ ಸುಮಾರು ಎರಡು ಮೈಲಿ ಮಾತ್ರ ‘ಇನ್‌ವಿಕ್ಟಾ’ ಎಂಬ ಚಲಿಸುವ ಎಂಜಿನ್ನಿನ ಪಾಲಿಗಿತ್ತು. ಇನ್‌ವಿಕ್ಟಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸೋಲಿಲ್ಲದ್ದು. ಅದು ಕೆಂಟ್ ಜಿಲ್ಲೆಯ ಧ್ಯೇಯವಾಕ್ಯ. ಹೆಸರು ಹಾಗಿದ್ದರೂ ಸ್ವಲ್ಪ ಏರು ಬಂದರೆ ಅದು ಸೋಲುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಕೆಲಸದಿಂದ ಬಿಡಿಸಿ ಮಾರಲು ಹೊರಟರೆ ಕೊಳ್ಳುವವರೇ ಸಿಗಲಿಲ್ಲ. ಹಾಗೆ ಕೊಳ್ಳುವವರಿಲ್ಲದ್ದರಿಂದಲೇ ಆ ಎಂಜಿನ್ನು ಉಳಿಯಿತು. ಬಹುಕಾಲ ಕ್ಯಾಂಟರ್ಬರಿಯ ಉದ್ಯಾನದಲ್ಲಿ ಬಿಸಿಲು ಮಳೆಗೆ ನಿಂತಿದ್ದು, ಈಗ ವಿಟ್‌ಸ್ಟಬಲ್ಲಿನ ವಸ್ತುಸಂಗ್ರಹಾಲಯ ಸೇರಿದೆ.

ಟೈಲರ್ ಹಿಲ್ಲಿನ ಒಳಗೆ 828 ಗಜ ಉದ್ದದ ಸುರಂಗ ಕೊರೆದಿದ್ದರು. ಅದರ ಎತ್ತರ ಹನ್ನೆರಡೇ ಅಡಿ. 1846ರಿಂದ ಹಗ್ಗ ಹೋಗಿ ಇಡೀ ದಾರಿಗೆ ಎಂಜಿನ್ನುಗಳು ಬಂದ ಮೇಲೆ, ಈ ಸುರಂಗದಲ್ಲಿ ತೂರಲೆಂದು ಅವುಗಳ ಹೊಗೆಕೊಳವೆಯನ್ನು ಮೋಟು ಮಾಡಬೇಕಾಯಿತು. ಮುಂಬಯಿಯ ಓದುಗರಿಗೆ ಇನ್ನೊಂದು ಸಂಗತಿ ಹೇಳಬೇಕು. ತಿಂಗಳು ತಿಂಗಳೂ ಸರತಿಯಲ್ಲಿ ನಿಂತು ನಾವು ಮಾಡಿಸುವ ಲೋಕಲ್ಲಿನ ಪಾಸಿನ ಮೂಲಪುರುಷನೂ ಇಲ್ಲಿಯವನೇ. 1834ರ ಬೇಸಿಗೆಯಲ್ಲಿ ಕ್ಯಾಂಟರ್ಬರಿಯ ಜನ ಕಡಲ ಸ್ನಾನಕ್ಕೆ ಹೋಗಿಬರಲೆಂದು ಈ ರೈಲಿನವರು ಮಾರಿದ ಸೀಸನ್ ಟಿಕೆಟ್ಟು ಜಗತ್ತಿನಲ್ಲೇ ಮೊದಮೊದಲಿನವುಗಳಲ್ಲಿ ಒಂದು. ಅವರದು ವಿಹಾರದ ಪಾಸು, ನಮ್ಮದು ಹೊಟ್ಟೆಪಾಡಿನ ಪಾಸು, ಅಷ್ಟೇ ವ್ಯತ್ಯಾಸ.

ನಮಗೂ ಆ ದಾರಿಗೂ ಇನ್ನೊಂದು ನಂಟು ಉಂಟು. ರಾಬರ್ಟ್ ಸ್ಟೀಫನ್‌ಸನ್ನನ ಕೈಕೆಳಗೆ ಪಳಗಿದ ಜೇಮ್ಸ್ ಬರ್ಕ್ಲಿ ಎಂಬ ಎಂಜಿನಿಯರನು 1850ರಲ್ಲಿ ಮುಂಬಯಿಗೆ ಬಂದು, 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ನಮ್ಮ ನಾಡಿನ ಮೊದಲ ಪ್ರಯಾಣಿಕರ ರೈಲಿನ ದಾರಿಯನ್ನು ಹಾಕಿಸಿದ. ಖಂಡಾಲೆಯ ಬೋರಘಾಟದ ಏರನ್ನು ರೂಪಿಸಿದವನೂ ಅವನೇ. ಆ ಏರು 1863ರಲ್ಲಿ ತೆರೆಯುವ ಮೊದಲೇ, 1862ರಲ್ಲಿ ತೀರಿಕೊಂಡ. ಗುಲ್ಬರ್ಗದ ಕಡೆಯಿಂದ ಮುಂಬಯಿಗೆ ಬಂದ ನಮ್ಮವರು ಇಳಿದದ್ದು ಆ ಘಾಟವನ್ನೇ. ವಿಟ್‌ಸ್ಟಬಲ್ಲಿನ ಗುಡ್ಡದಲ್ಲಿ ಗುರು ಎದುರಿಸಿದ ಏರಿನ ಸಮಸ್ಯೆಯನ್ನೇ ಶಿಷ್ಯನು ಸಹ್ಯಾದ್ರಿಯಲ್ಲಿ ಎಷ್ಟೋ ಪಾಲು ದೊಡ್ಡದಾಗಿ ಎದುರಿಸಿದ.

ಇನ್ನು ಆ ಪುಟ್ಟ ರೈಲಿನ ಇಳಿಗಾಲ. ಜನ ಅದಕ್ಕೆ ಪ್ರೀತಿಯಿಂದ ‘ಕ್ರ್ಯಾಬ್ ಅಂಡ್ ವಿಂಕಲ್’ ಎಂದು ಹೆಸರಿಟ್ಟಿದ್ದರು. ಕ್ರ್ಯಾಬ್ ಎಂದರೆ ಏಡಿ. ವಿಂಕಲ್ ಎಂದರೆ ಬಸವನಹುಳುವಿನಂಥ ಸಣ್ಣ ಕಡಲಜೀವಿ. 1860ರಲ್ಲಿ ಬೇರೊಂದು ಕಂಪೆನಿಯ ರೈಲು ವಿಟ್‌ಸ್ಟಬಲ್ಲನ್ನು ಮುಟ್ಟಿತು. ಮುಂದೆ ಬಸ್ಸುಗಳು ಬಂದವು. 1930ರ ಕೊನೆಗೆ ಪ್ರಯಾಣಿಕರ ಓಡಾಟ ನಿಂತಿತು. 1952ರ ಡಿಸೆಂಬರಿನಲ್ಲಿ ಸರಕು ಸಾಗಾಟವೂ ನಿಂತು ದಾರಿ ಮುಚ್ಚಿತು.

ಆದರೆ ಮುಚ್ಚಿದ ಎರಡೇ ತಿಂಗಳಿಗೆ ಒಂದು ಸೋಜಿಗ ನಡೆಯಿತು. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನ ಪೂರ್ವ ತೀರದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಕಡಲಂಚಿನ ದೊಡ್ಡ ರೈಲುದಾರಿ ಕೊಚ್ಚಿಹೋಯಿತು. ಆಗ ಅಧಿಕಾರಿಗಳಿಗೆ ನೆನಪಾದದ್ದು, ಬೇಡವೆಂದು ತಳ್ಳಿಬಿಟ್ಟಿದ್ದ ಈ ಮುದಿ ದಾರಿ. ಪುಣ್ಯಕ್ಕೆ ಹಳಿಗಳನ್ನು ಇನ್ನೂ ಕಿತ್ತಿರಲಿಲ್ಲ. ಫೆಬ್ರವರಿಯಲ್ಲಿ ಕೆಲವು ವಾರ ಅದು ಮತ್ತೆ ಓಡಿ ವಿಟ್‌ಸ್ಟಬಲ್ಲಿಗೆ ಸರಕು ಸಾಗಿಸಿತು. ಮನೆಯ ಮೂಲೆಯಲ್ಲಿ ಕುಳಿತ ಅಜ್ಜಿ, ಸೊಸೆ ಹಾಸಿಗೆ ಹಿಡಿದ ದಿನ ಎದ್ದು ಒಲೆ ಹೊತ್ತಿಸಿದ ಹಾಗೆ. ದೊಡ್ಡ ದಾರಿ ರಿಪೇರಿಯಾದ ಮೇಲೆ ಮತ್ತೆ ಅದನ್ನು ಮುಚ್ಚಿದರು. ಈ ಸಲ ಹಳಿಯನ್ನೂ ಕಿತ್ತರು.

ಇಲ್ಲಿಂದ ಮುಂದಿನದೇ ನಾವು ಗಮನಿಸಬೇಕಾದ ಭಾಗ. 1832ರಲ್ಲಿ ರೈಲಿನವರೇ ಕಟ್ಟಿದ್ದ ಬಂದರನ್ನು 1958ರಲ್ಲಿ ಊರಿನ ಪೌರಸಭೆ ಕೊಂಡುಕೊಂಡಿತು.  ಆದರೆ ಆ ಬಂದರಿಗೆ ಬರುತ್ತಿದ್ದ ದಾರಿ ಹಾಗೆ ಒಂದೇ ಕೈಗೆ ಬರಲಿಲ್ಲ. ಅದರ ನೆಲ ತುಂಡುತುಂಡಾಗಿ ಬೇರೆ ಬೇರೆಯವರ ಪಾಲಾಯಿತು. ಎಲ್ಲೋ ಮನೆಗಳೆದ್ದವು, ಎಲ್ಲೋ ಹೊಲಕ್ಕೆ ಸೇರಿತು. ಊರೊಳಗಿನ ಹಳೆಯ ರೈಲುಸೇತುವೆ ಜಗತ್ತಿನ ಅತ್ಯಂತ ಹಳೆಯವುಗಳಲ್ಲಿ ಒಂದು. ರಸ್ತೆಗೆ ಅಡ್ಡವೆಂದು ಅದನ್ನು 1969ರಲ್ಲಿ ಕೆಡವಿದರು. ಸುರಂಗದ ಮೇಲಿನ ಗುಡ್ಡದಲ್ಲಿ 1965ರಲ್ಲಿ ಕೆಂಟ್ ವಿಶ್ವವಿದ್ಯಾನಿಲಯ ತೆರೆಯಿತು. 1974ರ ಜುಲೈಯಲ್ಲಿ ಸುರಂಗದ ಒಂದು ಭಾಗ ಕುಸಿದು ವಿಶ್ವವಿದ್ಯಾನಿಲಯದ ಕಟ್ಟಡವೊಂದರ ತುದಿ ಕುಸಿಯಿತು. ಆಮೇಲೆ ಬೂದಿ ತುಂಬಿ ಸುರಂಗವನ್ನು ಗಟ್ಟಿ ಮಾಡಿದರು.

ಅಷ್ಟರಲ್ಲಿ ದೇಶದ ಗಾಳಿ ಬದಲಾಗುತ್ತಿತ್ತು. 1963ರ ಬೀಚಿಂಗ್ ವರದಿಯ ಮೇಲೆ ಬ್ರಿಟನ್ನಿನಲ್ಲಿ ಸಾವಿರಾರು ಮೈಲಿ ರೈಲುದಾರಿ ಮುಚ್ಚಿತ್ತು. ಎಲ್ಲೆಲ್ಲೂ ಮುಳ್ಳು ಬೆಳೆದ ಒಡ್ಡುಗಳು. 1977ರಲ್ಲಿ ಬ್ರಿಸ್ಟಲ್ ನಗರದ ಕೆಲವು ಸೈಕಲ್ ಪ್ರೇಮಿಗಳು ಒಂದು ಸಂಘ ಕಟ್ಟಿದರು. ಮುಂದೆ ಅದು ಸಸ್ಟ್ರಾನ್ಸ್ ಎಂಬ ಹೆಸರಿನಿಂದ ಖ್ಯಾತವಾಯಿತು. ರೈಲು ಕಡಿದಾದ ಏರನ್ನು ತಾಳದು. ಆದ್ದರಿಂದ ಅದರ ದಾರಿ ಸಾಮಾನ್ಯವಾಗಿ ಸಮತಟ್ಟು. ಮುದುಕರೂ ಮಕ್ಕಳೂ ದಣಿಯದೆ ತುಳಿಯಬಹುದು. ಇದನ್ನು ಕಂಡುಕೊಂಡ ಅವರು, ಮುಚ್ಚಿದ್ದ ಬ್ರಿಸ್ಟಲ್–ಬಾತ್ ರೈಲುದಾರಿಯನ್ನು 1979ರಿಂದ 1986ರವರೆಗೆ ಸ್ವಯಂಸೇವಕರ ಕೈದುಡಿಮೆಯನ್ನೂ ಸೇರಿಸಿ 13 ಮೈಲಿಯ ಸೈಕಲ್ ಹಾದಿಯಾಗಿ ಮಾಡಿದರು. 1995ರಲ್ಲಿ ಲಾಟರಿ ನಿಧಿಯಿಂದ 4 ಕೋಟಿ ಪೌಂಡಿಗೂ ಹೆಚ್ಚು ನೆರವು ದೊರೆತ ಮೇಲೆ ದೇಶವ್ಯಾಪಿ ಸೈಕಲ್ ಜಾಲದ ಕೆಲಸ ಮೊದಲಾಯಿತು.

ವಿಟ್‌ಸ್ಟಬಲ್ಲಿನಲ್ಲಿಯೂ ಹಳೆಯ ದಾರಿಯ ಅಭಿಮಾನಿಗಳು ಒಂದು ಟ್ರಸ್ಟು ಮಾಡಿಕೊಂಡು ಹೊರಟರು. ಅವರಿಗೆ ಎದುರಾದದ್ದು ಹಣದ ತೊಡಕು ಮಾತ್ರವಲ್ಲ, ಕೈಬದಲಾದ ನೆಲದ ತೊಡಕು. 1999ರಲ್ಲಿ ‘ಕ್ರ್ಯಾಬ್ ಅಂಡ್ ವಿಂಕಲ್ ವೇ’ ತೆರೆದಾಗ ಅದು ಹಳೆಯ ರೈಲುದಾರಿಯನ್ನು ಪೂರ್ತಿ ಅನುಸರಿಸಲಾಗಲಿಲ್ಲ. ರೈಲು ಸುಮಾರು ಆರು ಮೈಲಿ ಓಡಿದರೆ ಸೈಕಲ್ಲು ಏಳೂವರೆ ಮೈಲಿ ಸುತ್ತುತ್ತದೆ. ಕ್ಯಾಂಟರ್ಬರಿಯಿಂದ ಹೊರಟ ಸವಾರ ಸುರಂಗವಿಲ್ಲದ್ದರಿಂದ ವಿಶ್ವವಿದ್ಯಾನಿಲಯದ ಗುಡ್ಡ ಹತ್ತಬೇಕು. ಹೊಲಗಳ ನಡುವೆ, ಬ್ಲೀನ್ ಊರಿನ ಹಳೆಯ ಇಗರ್ಜಿಯ ಪಕ್ಕದಲ್ಲಿ ಸಾಗಿ ಕ್ಲೌಸ್ ವುಡ್ ಕಾಡು ಸೇರಿದ ಮೇಲೆಯೇ ನಿಜವಾದ ರೈಲುದಾರಿ ಸಿಗುತ್ತದೆ. ಹಗ್ಗ ಸೇದುತ್ತಿದ್ದ ಯಂತ್ರಕ್ಕೆ ನೀರು ಕೊಟ್ಟ ಕೊಳ ಅಲ್ಲಿ ಈಗಲೂ ಇದೆ. ಬುತ್ತಿ ಬಿಚ್ಚುವುದಕ್ಕೆ ಜನ ಅಲ್ಲಿ ಸೈಕಲ್ಲು ನಿಲ್ಲಿಸುತ್ತಾರೆ. ಅಲ್ಲಿಂದ ಕಡಲಿನವರೆಗೆ ಇಳಿಜಾರು.

ಊರು ಮುಟ್ಟಿದ ಮೇಲೂ ಸೈಕಲ್ಲಿಗೆ ದಾರಿ ಮುಗಿಯದು. ಪೂರ್ವಕ್ಕೆ ಕಡಲಗೋಡೆಯ ಪಕ್ಕದಲ್ಲಿ ಹೋದರೆ ಹರ್ನ್ ಬೇ. ಅಲ್ಲಿ ಮುಕ್ಕಾಲು ಮೈಲಿಯಷ್ಟು ಉದ್ದವಿದ್ದ ಕಡಲಸೇತುವೆ 1978ರ ಬಿರುಗಾಳಿಯಲ್ಲಿ ಮುರಿದು, ಅದರ ತುದಿ ಮಾತ್ರ ದಡದ ಸಂಬಂಧ ಕಡಿದುಕೊಂಡು ನೀರಿನಲ್ಲಿ ಒಂಟಿಯಾಗಿ ಉಳಿಯಿತು. ಇನ್ನೂ ಮುಂದೆ ರಿಕಲ್ವರ್. ರೋಮನರ ಕೋಟೆಯೊಳಗೆ ಎದ್ದಿದ್ದ ಇಗರ್ಜಿಯನ್ನು, ಕಡಲು ನೆಲವನ್ನು ಕೊರೆಯುತ್ತ ಬಂದಾಗ 1809ರಲ್ಲಿ ಕೆಡವಿದರು. ಅದರ ಜೋಡಿ ಗೋಪುರಗಳನ್ನು ಮಾತ್ರ ನಾವಿಕರಿಗೆ ಗುರುತಾಗಿರಲೆಂದು ದೀಪಸ್ತಂಭಗಳ ಸಂಸ್ಥೆಯವರು ಕೊಂಡು ಕಾಪಾಡಿದರು. ಇಲ್ಲಿಯೂ ಅದೇ ಪಾಠ: ಬೇಡವಾದದ್ದರಲ್ಲಿ ಇನ್ನೊಂದು ಉಪಯೋಗ ಕಂಡವರು ಇದ್ದುದರಿಂದ ಅದು ಉಳಿಯಿತು.

ಮುಚ್ಚಿದ್ದನ್ನು ಮುಚ್ಚಿದ ದಿನವೇ ಮಾರಬಾರದು ಎಂಬುದು ಈ ಕಥೆಯ ಸಾರ. ದಾರಿ ಎಂಬುದು ಎರಡು ತುದಿ ಕೂಡಿದ್ದರೆ ಮಾತ್ರ ದಾರಿ; ನಡುವೆ ಒಂದು ತುಂಡು ಹೋದರೆ ಉಳಿದದ್ದು ಬರೀ ನಿವೇಶನ. ವಿಟ್‌ಸ್ಟಬಲ್ಲಿನವರು ಕೊನೆಯ ಗಾಡಿ ಓಡಿದ ನಲವತ್ತಾರು ವರ್ಷಗಳ ಮೇಲೆ ಎಚ್ಚೆತ್ತು, ಸಿಕ್ಕಷ್ಟನ್ನು ಹೊಲಿದುಕೊಂಡರು. ಸಿಗದ ತುಂಡುಗಳಿಗಾಗಿ ಒಂದೂವರೆ ಮೈಲಿಯ ಸುತ್ತು ತುಳಿಯುತ್ತಿದ್ದಾರೆ.

ನಾವು ಬಿಟ್ಟುಬಂದ ಊರುಗಳಲ್ಲಿ ಕೆರೆಯ ಏರಿಗಳುಂಟು, ಕಾಲುವೆಯ ದಂಡೆಗಳುಂಟು, ಗಾಡಿ ಓಡದ ಹಳೆಯ ಹಾದಿಗಳುಂಟು. ಬಂದು ಸೇರಿದ ನಗರಗಳಲ್ಲಿಯೂ ಅಂಥ ತುಂಡು ನೆಲಗಳು ಇಲ್ಲದಿಲ್ಲ. ಅವುಗಳ ಮೇಲೆ ಮೊದಲು ಕಣ್ಣು ಬೀಳುವುದು ಕಟ್ಟಡ ಕಟ್ಟುವವರಿಗೆ. ಮಗುವಿಗೆ ಸೈಕಲ್ಲು ಕೊಡಿಸುವ ತಂದೆತಾಯಿಗಳು ಅವರಿಗಿಂತ ಒಂದು ದಿನ ಮುಂಚೆ ಅತ್ತ ನೋಡಿದರೆ ಸಾಕು.