ಕಾಂಗ್ರೆಸ್ ಗಿಡದ ಬೀಜಪ್ರಸಾರ: ಹೆಸರಿನ ಸಾಕ್ಷ್ಯ, ದಾಖಲೆಯ ಸಾಕ್ಷ್ಯ

ಪಾರ್ಥೇನಿಯಂ ಹಿಸ್ಟೆರೊಫೋರಸ್ ಎಂಬ ಕಳೆಗೆ ಕನ್ನಡದಲ್ಲಿ ಕಾಂಗ್ರೆಸ್ ಗಿಡ, ಕಾಂಗ್ರೆಸ್ ಹುಲ್ಲು ಎಂಬ ಹೆಸರುಗಳು ರೂಢಿಯಲ್ಲಿವೆ. ಎಲೆಯು ಗಜ್ಜರಿಯ ಎಲೆಯನ್ನು ಹೋಲುವುದರಿಂದ ಮರಾಠಿಯಲ್ಲಿ ಅದು ‘ಗಾಜರ ಗವತ’. ತೆಲುಗಿನಲ್ಲಿ ‘ವಯ್ಯಾರಿಭಾಮ’, ಎಂದರೆ ಬಳುಕುವ ಬೆಡಗಿ. ಇವುಗಳ ಜೊತೆಗೆ ಮರಾಠಿಯಲ್ಲಿ ‘ಕಾಂಗ್ರೆಸ್ ಗವತ’, ತೆಲುಗಿನಲ್ಲಿ ‘ಕಾಂಗ್ರೆಸ್ ಗಡ್ಡಿ’ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಾಗಲಿ, ಆದವಾನಿ, ರಾಯದುರ್ಗಗಳಲ್ಲಾಗಲಿ ಎರಡು ಭಾಷೆಗಳ ನಡುವೆ ಬಾಳುವವರಿಗೆ ಹೆಸರಿನ ಉತ್ತರಪದ ಮಾತ್ರ ಬದಲಾಗುತ್ತದೆ, ಪೂರ್ವಪದ ಗಡಿ ದಾಟಿಯೂ ಹಾಗೆಯೇ ಉಳಿಯುತ್ತದೆ. ಗಾಜರ, ವಯ್ಯಾರಿ ಎಂಬವು ಗಿಡದ ರೂಪವನ್ನು ಕಂಡು ಇಟ್ಟ ಹೆಸರುಗಳು. ‘ಕಾಂಗ್ರೆಸ್’ ಎಂಬುದು ಗಿಡದ ಚರಿತ್ರೆಯ ಬಗೆಗೂ ಒಂದು ಹೇಳಿಕೆಯಾಗಿದೆ.

ಈ ಹೆಸರಿಗೆ ಎರಡು ವಿವರಣೆಗಳು ಪ್ರಚಲಿತವಾಗಿವೆ. ಗಿಡದ ತುದಿಯಲ್ಲಿ ಗುಂಪುಗೂಡಿದ ಬಿಳಿಯ ಹೂಗಳು ಕಾಂಗ್ರೆಸ್ಸಿಗರ ಬಿಳಿ ಟೋಪಿಗಳನ್ನು ನೆನಪಿಸುತ್ತವೆ ಎಂಬುದು ಒಂದು. ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಪಿ.ಎಲ್. 480 ಯೋಜನೆಯಡಿ ಅಮೆರಿಕದಿಂದ ಬಂದ ಗೋಧಿಯೊಡನೆ ಈ ಕಳೆಯ ಬೀಜವೂ ಬಂದಿತು ಎಂಬುದು ಇನ್ನೊಂದು. ಎರಡನೆಯ ವಿವರಣೆ ಪಠ್ಯಪುಸ್ತಕಗಳವರೆಗೂ ಹಬ್ಬಿರುವುದರಿಂದ ಅದನ್ನು ಕಾಲಾನುಕ್ರಮದಲ್ಲಿಟ್ಟು ಪರಿಶೀಲಿಸುವುದು ಅಗತ್ಯ.

ಪುಣೆಯ ಕಸದ ರಾಶಿಗಳ ನಡುವೆ ಈ ಗಿಡ 1955ರಲ್ಲಿ ಕಂಡುಬಂದಿತು. ಸಸ್ಯಶಾಸ್ತ್ರಜ್ಞ ಆರ್. ಎಸ್. ರಾವ್ ಅವರು ಇದು ಭಾರತಕ್ಕೆ ಹೊಸತೆಂದು 1956ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಮಾಡಿದರು. ಪಿ.ಎಲ್. 480 ಎಂದು ಹೆಸರಾದ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂದದ್ದು 1954ರ ಜುಲೈಯಲ್ಲಿ. ಅದರಡಿ ಭಾರತವು ಮೊದಲ ಒಪ್ಪಂದಕ್ಕೆ ಸಹಿ ಮಾಡಿದ್ದು 1956ರ ಆಗಸ್ಟಿನಲ್ಲಿ. ಹೀಗಿರುವಾಗ 1955ರಲ್ಲಿ ಪುಣೆಯಲ್ಲಿ ಬೆಳೆದಿದ್ದ ಗಿಡವು ಆ ಒಪ್ಪಂದದ ಗೋಧಿಯಿಂದ ಹುಟ್ಟಿರಲಾರದು. ಆದರೆ 1951ರ ಗೋಧಿ ಸಾಲದ ಮೂಲಕ ಅಮೆರಿಕದ ಧಾನ್ಯ ಅದಕ್ಕೂ ಮೊದಲೇ ಭಾರತಕ್ಕೆ ಬಂದಿತ್ತು. ಆದ್ದರಿಂದ ಧಾನ್ಯದೊಡನೆ ಬೀಜ ಬಂದಿರುವ ಸಾಧ್ಯತೆ ಅಳಿಯುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಕಲ್ಕತ್ತೆಯ ಸಸ್ಯೋದ್ಯಾನದ ಗಿಡಗಳನ್ನು ಪಟ್ಟಿಮಾಡಿದ ರಾಕ್ಸ್‌ಬರ್ಗ್‌ನ 1814ರ ‘ಹೊರ್ಟಸ್ ಬೆಂಗಾಲೆನ್ಸಿಸ್’ನಲ್ಲಿಯೇ ಈ ಸಸ್ಯದ ಉಲ್ಲೇಖವಿರುವುದನ್ನು ನಂತರದ ಸಸ್ಯಶಾಸ್ತ್ರಜ್ಞರು ತೋರಿಸಿದ್ದಾರೆ. ಒಂದೇ ಹಡಗು, ಒಂದೇ ವರ್ಷ ಎಂಬ ಸರಳ ಕಥನಕ್ಕೆ ದಾಖಲೆಗಳ ಬೆಂಬಲವಿಲ್ಲ.

ಆದರೂ ಆ ಕಥನ ನಂಬಲರ್ಹವೆನಿಸಿದ್ದೇಕೆ ಎಂಬುದಕ್ಕೆ ಉತ್ತರ ಬೀಜದ ರಚನೆಯಲ್ಲಿದೆ. ಒಂದೇ ಹೂವಿನಂತೆ ತೋರುವ ಬಿಳಿಯ ತಲೆಯು ವಾಸ್ತವವಾಗಿ ಹಲವು ಕಿರುಹೂಗಳ ಗುಚ್ಛ. ಅಂಚಿನಲ್ಲಿರುವ ಐದು ಕಿರುಹೂಗಳು ಮಾತ್ರ ಬೀಜ ಕಟ್ಟುತ್ತವೆ. ಸುಮಾರು 2 ಮಿಲಿಮೀಟರ್ ಉದ್ದದ ಪ್ರತಿ ಬೀಜದ ಇಕ್ಕೆಲಗಳಲ್ಲಿ ಬಂಜೆಯಾದ ಎರಡು ಕಿರುಹೂಗಳು ಅಂಟಿಕೊಂಡೇ ಉದುರಿ, ಅದು ನೀರಿನಲ್ಲಿ ತೇಲಲು ನೆರವಾಗುತ್ತವೆ. ಎಕ್ಕದ ಬೀಜಕ್ಕಿರುವ ರೇಷ್ಮೆಯ ಕುಚ್ಚು ಇದಕ್ಕಿಲ್ಲ. ಉತ್ತರಾಣಿಯ ಬೀಜದಂತೆ ಬಟ್ಟೆಗೆ ಚುಚ್ಚಿಕೊಳ್ಳುವ ಮೊನೆಯೂ ಇಲ್ಲ. ಸಾಮಾನ್ಯ ಗಾಳಿ ಇದನ್ನು ಬಹುದೂರ ಒಯ್ಯಲಾರದು. ದೂರದ ಪಯಣಕ್ಕೆ ಇದು ಹರಿಯುವ ನೀರನ್ನು, ಗಾಲಿಗೆ ಮೆತ್ತಿದ ಕೆಸರನ್ನು, ಮೇವಿನ ಹೊರೆಯನ್ನು, ಧಾನ್ಯದ ಚೀಲವನ್ನು ಅವಲಂಬಿಸುತ್ತದೆ. ಎಂದರೆ ಮನುಷ್ಯನ ಸಂಚಾರವೇ ಇದರ ಮುಖ್ಯ ವಾಹಕ. ಹುಲುಸಾಗಿ ಬೆಳೆದ ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಮಣ್ಣಿನಡಿ ಹುದುಗಿದ ಬೀಜ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲದು.

ಇಂತಹ ಬೀಜಕ್ಕೆ ಗಡಿನಾಡಿನ ಭೂಗೋಳ ಅನುಕೂಲವಾಗಿಯೇ ಇತ್ತು. 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮುಂಬಯಿ–ಮದ್ರಾಸ್ ರೈಲುಮಾರ್ಗವು ಪುಣೆಯಿಂದ ಸೊಲ್ಲಾಪುರ, ಕಲಬುರಗಿ, ರಾಯಚೂರು, ಆದವಾನಿಗಳ ಮೂಲಕ ಗುಂತಕಲ್ಲಿಗೆ ಸಾಗುತ್ತದೆ. ಹಳಿಯ ಮಗ್ಗುಲು, ರಸ್ತೆಯ ಅಂಚು, ಸಂತೆಯ ಬಯಲು, ಬೀಳುಬಿದ್ದ ಹೊಲ ಮೊದಲಾದ ಕೆದಕಿದ ನೆಲಗಳೇ ಈ ಕಳೆಯ ನೆಲೆ. 1956ರಲ್ಲಿ ರಾಜ್ಯಗಳ ಎಲ್ಲೆಗಳು ಭಾಷೆಯ ಆಧಾರದ ಮೇಲೆ ಮರುವಿಂಗಡಣೆಗೊಂಡವು. ಅದೇ ವರ್ಷ ಭಾರತದ ಸಸ್ಯಸಾಹಿತ್ಯದಲ್ಲಿ ಹೊಸದಾಗಿ ದಾಖಲಾದ ಈ ಗಿಡವು ಮುಂದಿನ ದಶಕಗಳಲ್ಲಿ ಆ ಎಲ್ಲೆಗಳ ಎರಡೂ ಬದಿಯ ಹೊಲಗಳನ್ನು ಆಕ್ರಮಿಸಿತು.

ಆ ಆಕ್ರಮಣದ ಹೊರೆ ಬಿದ್ದದ್ದು ಬರಿಗೈಯಲ್ಲಿ ಕಳೆ ಕೀಳುವವರ ಮೇಲೆ. ಗಿಡದ ಸ್ಪರ್ಶದಿಂದ ಉಂಟಾಗುವ ತೀವ್ರ ಚರ್ಮರೋಗವನ್ನು 1970ರ ದಶಕದಲ್ಲಿ ಪುಣೆಯ ವೈದ್ಯರು ವಿವರವಾಗಿ ದಾಖಲಿಸಿದರು. ಮೆಕ್ಸಿಕೋದಿಂದ ತಂದ ಎಲೆತಿನ್ನುವ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಅದು ಮಳೆಗಾಲದಲ್ಲಿ ಕಳೆಯನ್ನು ಗಣನೀಯವಾಗಿ ತಗ್ಗಿಸಿದರೂ ಮಣ್ಣಿನಲ್ಲಿ ಉಳಿದ ಬೀಜವನ್ನು ಮುಟ್ಟಲಾರದು. ಬೀಜ ಕಟ್ಟಿದ ಗಿಡವನ್ನು ಕಿತ್ತು ತಿಪ್ಪೆಗೆ ಹಾಕಿದರೆ ಅದು ಗೊಬ್ಬರದೊಡನೆ ಮತ್ತೆ ಹೊಲಕ್ಕೇ ಮರಳುತ್ತದೆ. ಹೂಬಿಡುವ ಮುನ್ನ ಕೀಳಬೇಕೆಂಬ ನಿಯಮದ ಹಿಂದಿರುವುದು ಇದೇ ಅರಿವು.

ಜನಭಾಷೆಯ ಸಸ್ಯನಾಮವನ್ನು ಆಕರವಾಗಿ ಬಳಸುವ ಸಂಶೋಧಕರು ಇಲ್ಲಿ ಎರಡು ಬಗೆಯ ಸತ್ಯಗಳನ್ನು ಬೇರ್ಪಡಿಸಿಕೊಳ್ಳಬೇಕಾಗುತ್ತದೆ. ಗಿಡ ಯಾವಾಗ, ಯಾವ ದಾರಿಯಿಂದ ಬಂದಿತೆಂಬ ಪ್ರಶ್ನೆಗೆ ‘ಕಾಂಗ್ರೆಸ್’ ಎಂಬ ಹೆಸರು ದುರ್ಬಲ ಸಾಕ್ಷ್ಯ. ಪರದೇಶದ ಧಾನ್ಯಕ್ಕೆ ಕೈಯೊಡ್ಡಬೇಕಾದ ಕಾಲವನ್ನು ಹೊಲದಲ್ಲಿ ದುಡಿಯುವವರು ಹೇಗೆ ನೆನಪಿಟ್ಟುಕೊಂಡರು, ಅದರ ಹೊಣೆಯನ್ನು ಯಾರ ಮೇಲೆ ಹೊರಿಸಿದರು ಎಂಬ ಪ್ರಶ್ನೆಗೆ ಅದು ಪ್ರಬಲ ಸಾಕ್ಷ್ಯ. ಮೂರು ಭಾಷೆಗಳು ಆ ಒಂದು ಪದವನ್ನು ಹಂಚಿಕೊಂಡಿರುವುದು ಈ ನೆನಪು ಯಾವುದೇ ಒಂದು ಭಾಷೆಯವರದಲ್ಲವೆಂಬುದನ್ನು ಸೂಚಿಸುತ್ತದೆ.